ಗಡಿಯಾರ ಹಿಡಿದವ

ನಾನು ಓಡಿದವನಲ್ಲ.
ಹಳೇ ಬಾಗಲಕೋಟೆಯ ಕಿಲ್ಲಾದ ಬಾಯಿಗೆ
ಗಡಿಯಾರ ರಿಪೇರಿ ಅಂಗಡಿ ಇತ್ತು ನನ್ನದು,
ಅದಕ್ಕೇ ಕರೆದರು: ನಿಂದ್ರು, ವೇಳೆ ಬರಕೋ.
ಮೂವತ್ತೊಂದು ವರ್ಷ ಬರಕೊಂಡೆ.

ಶುರುವಾದದ್ದು ಚುರಮುರಿ ಕಟ್ಟಿದ ಪೇಪರಿನಿಂದ.
ಡ್ರಿಲ್ ಮಾಸ್ತರ ಗಿರಿಯಪ್ಪ ಗದ್ದನಕೇರಿ ತಿಂದು ಮುಗಿಸಿ ಓದಿದರು:
ಜಪಾನಿನಲ್ಲಿ ಎರಡು ಪಟ್ಟಣ,
ವರ್ಷಕ್ಕೊಮ್ಮೆ ಜನ ಇಲ್ಲಿಂದ ಅಲ್ಲಿಗೆ ಓಡುತ್ತಾರೆ.
ಊರಿನ ಹೆಸರಿದ್ದಲ್ಲಿ ಕಾಗದ ಎಣ್ಣೆ ಕುಡಿದಿತ್ತು.
‘ಯಾಕ ಓಡ್ತಾರ್ರೀ?’ ಅಂದೆ.
‘ಅದನ್ನ ಬರದಿಲ್ಲ.’

ಸೈಕಲ್ಲಿನ ಕಡ್ಡಿಗೆ ಕೆಂಪು ಅರಿವೆ ಕಟ್ಟಿ
ಗಾಲಿಯ ಸುತ್ತು ಎಣಿಸುತ್ತ ಗುಳೇದಗುಡ್ಡಕ್ಕೆ ಹೊರಟರು.
ಶಿರೂರಿನಲ್ಲಿ ಬೀಗರು ಸಿಕ್ಕರು, ಮಜ್ಜಿಗೆ ಬಂತು,
ಎಣಿಕೆ ಹೋಯಿತು.
ಅಂದಾಜಿಗೆ ಮುನ್ನೂರು ಸುತ್ತು ಸೇರಿಸಿದರು.
ಆ ಮುನ್ನೂರು ಸುತ್ತನ್ನು ಯಾರೂ ಯಾವತ್ತೂ ಓಡಿಲ್ಲ,
ಎಲ್ಲರ ಲೆಕ್ಕದಲ್ಲೂ ಅವು ಇವೆ.

ಮೊದಲ ವರ್ಷ ಒಂಬತ್ತು ಮಂದಿ.
ಒಬ್ಬನಿಗೆ ನೂಲು ತರಲು ಹೇಗೂ ಹೋಗಬೇಕಿತ್ತು,
ಚೀಲ ಹೆಗಲಿಗೆ ಹಾಕಿಕೊಂಡೇ ಓಡಿದ.
ಗೆದ್ದವ ಅವನೇ.

ಕೊನೆಗೆರೆಗೆ ದಾರ ಸಿಗಲಿಲ್ಲ, ನೇಕಾರ ನಿಂಬಣ್ಣ ಖಣ ಕೊಟ್ಟ,
ಕಡುನೀಲಿ ಮೈ, ಕೆಂಪು ದಡಿ.
ಖಣ ಹರಿಯುವುದಿಲ್ಲ. ಹಿಡಿದ ಹುಡುಗರು
ಎದೆ ತಾಗಿದ ಗಳಿಗೆಗೆ ಬಿಡಬೇಕು.
ಎಪ್ಪತ್ತಾರರಲ್ಲಿ ಒಬ್ಬ ಬಿಡಲಿಲ್ಲ.
ಬಾಯಿ ತೆರೆದು ನೋಡುತ್ತ ನಿಂತುಬಿಟ್ಟ.
ಮೀರಾಸಾಬ ನದಾಫ ಎದೆಗೊಟ್ಟು ಉರುಳಿದ,
ಏಳುವಷ್ಟರಲ್ಲಿ ಹಿಂದಿನವ ಬಗ್ಗಿ ದಾಟಿದ್ದ.
ನಾನು ಬರೆದೆ: ಎರಡನೆಯವ.
ನಿಯಮ ಅಂದರೆ ನಿಯಮ, ಅಂದೆ.
ಅರಳೆ ಹಿಂಜುವ ಕೈಯಿಂದ ಮೊಣಕಾಲಿನ ಧೂಳು ಕೊಡವಿದ.
ಆಮೇಲೆ ಏಳು ವರ್ಷ ಎರಡನೆಯವನೇ,
ನಾನು ಬರೆದ ಮಾತು ಕಾಯುವವನ ಹಾಗೆ.

ಶಾಂತವ್ವ ಬಾರಕೇರ ಶಿರೂರು ಕ್ರಾಸಿನಲ್ಲಿ
ನೀರು ಕೊಡುತ್ತ ಕೊಡುತ್ತ ಒಂದು ವರ್ಷ ತಂಬಿಗೆ ಇಟ್ಟು ಓಡಿದಳು,
ಮರುವರ್ಷ ಕಿಲ್ಲಾದಿಂದಲೇ.
ಹೆಂಗಸರ ಕಾಲಮ್ಮು ಇರಲಿಲ್ಲ. ‘ಇತರೆ’ಯಲ್ಲಿ ಹಾಕಿದೆ.
ಅದೇ ಪುಟದಲ್ಲಿ, ಅವಳ ಮೇಲಿನ ಸಾಲಿನಲ್ಲಿ,
ಕೊನೆತನಕ ಓಡಿದ ಒಂದು ನಾಯಿ.
ಅವಳು ಜಗಳಾಡಲಿಲ್ಲ. ಖಣ ಕೇಳಿ ಇಸಕೊಂಡಳು,
ಕುಪ್ಪಸ ಹೊಲಿಸಿ ಮುಂದಿನ ಜನವರಿಗೆ ಅದನ್ನೇ ತೊಟ್ಟು ಬಂದಳು.
ಸ್ಕೇಲು ಹುಡುಕಿ ಹೊಸ ಗೆರೆ ಎಳೆದೆ.

ಆಮೇಲೆ ನೀರು.
ಆಲಮಟ್ಟಿಯಿಂದ ಹಿಂದಕ್ಕೆ, ಸಾವಕಾಶ,
ನೋಟೀಸು ಕೊಟ್ಟು ಬರುವ ನೀರು.
ಒಂದು ವರ್ಷ ಓಟದ ಮೊದಲ ನೂರು ಹೆಜ್ಜೆ ಮುಳುಗಿತ್ತು,
ಇನ್ನೊಂದು ವರ್ಷ ನನ್ನ ಅಂಗಡಿ.
ಸೋರುವ ಮನೆಯಲ್ಲಿ ಹಾಸಿಗೆ ಸರಿಸಿದಂತೆ
ಗೆರೆ ಸರಿಸಿದೆವು, ಸರಿಸಿದೆವು,
ನವನಗರದ ಯಾವುದೋ ನಂಬರಿನ ಸೆಕ್ಟರಿಗೆ ಬಂದು ನಿಂತೆವು.
ಈಗ ಬೂಟಿನೊಳಗೇ ಚಿಪ್ಪು.
ನಿಂದ್ರು ಅಂತ ಯಾರೂ ಯಾರಿಗೂ ಅನ್ನುವುದಿಲ್ಲ.

ಮೇ ತಿಂಗಳಲ್ಲಿ ನೀರು ಇಳಿದು ಹಳೇ ಕಲ್ಲು ಕಾಣುತ್ತದೆ,
ಸುಣ್ಣದಲ್ಲಿ ನಾವು ಗೆರೆ ಹೊಡೆಯುತ್ತಿದ್ದ ಕಲ್ಲು.
ಮೀರಾಸಾಬನೂ ನಾನೂ ಬಿರಿದ ಕೆಸರಿನ ಮೇಲೆ ಹೋಗಿ ಕೂರುತ್ತೇವೆ.
ಹೋದ ಬೇಸಿಗೆ ಕೇಳಿಯೇಬಿಟ್ಟೆ:
‘ಎಪ್ಪತ್ತಾರರ ಪುಟ ತಿದ್ದಲೇನು?’
ಖಣ ಬಿಡದ ಹುಡುಗ ನನ್ನ ತಮ್ಮ.
ಅದನ್ನು ರಿಜಿಸ್ಟರಿನಲ್ಲಿ ಬರೆದಿಲ್ಲ.
ಅವನು ಕಲ್ಲಿಗಂಟಿದ ಶಂಖದ ಹುಳ ಕೀಳುತ್ತಿದ್ದ.
‘ಬ್ಯಾಡ. ಚಲೋ ಖಣ ಇತ್ತೋ ಅದು,’ ಅಂದ,
‘ಹುಡುಗಗ ಬಿಡಾಕ ಮನಸ್ಸ ಬಂದಿರಲಿಕ್ಕಿಲ್ಲ.’

ಎದ್ದ, ಎಡಗಾಲು ಗೆರೆಗೆ ಇಟ್ಟ,
ಸೆಕೆಗೋ ಏನೋ ಮತ್ತೆ ಕೂತ.
ಮನೆಗೆ ಬಂದು ಅಂಗಿ ಕಳೆದರೆ
ಕಿಸೆಯಲ್ಲಿ ಗಡಿಯಾರ ಓಡುತ್ತಲೇ ಇತ್ತು.
ಯಾವಾಗ ಒತ್ತಿದೆನೋ.